ಬೇರೆಯವರ ಹೆಸರಿಗೆ ಹಾಕಿದ ಮಣ್ಣು

ಕಡಲ ದಂಡೆಯ ಸ್ಮಾರಕದ ಮುಂದೆ ಅಣ್ಣನ ಬೆರಳು ಹಿಡಿದು ನಾನು ಯಾರದೋ ಹೆಸರಿನ ಮೇಲೆ ಇಟ್ಟೆ. ಅವನು ಹುಡುಕಿಕೊಂಡು ಬಂದದ್ದು ಆ ಹೆಸರನ್ನಲ್ಲ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಆಮೇಲೆ ಹನ್ನೊಂದು ತಿಂಗಳು ಅಣ್ಣ ನನ್ನ ಜೊತೆಯಲ್ಲೇ ಬದುಕಿದ್ದ. ಆಗಲೂ ಹೇಳಲಿಲ್ಲ.

ನಮ್ಮದು ಗಾವಡಗೆರೆ ಹತ್ತಿರದ ಊರು. ಹೊಗೆಸೊಪ್ಪು ಬೆಳೆಯುವ ಮನೆ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಕನ್ನಡ ನಿಧಾನವಾಗಿ ಓದುತ್ತೇನೆ, ಬರೆಯುತ್ತೇನೆ. ಅಣ್ಣ ಓದಿದ, ನೌಕಾಪಡೆ ಸೇರಿದ. ರಜೆಗೆ ಬಂದಾಗ ಜಗಲಿಯ ಮೇಲೆ ಕೂರಿಸಿಕೊಂಡು ಸ್ಲೇಟಿನಲ್ಲಿ ಇಂಗ್ಲಿಷ್ ಅಕ್ಷರ ತಿದ್ದಿಸುತ್ತಿದ್ದ. ದೊಡ್ಡಕ್ಷರ ಹೇಗೋ ಗುರುತು ಸಿಕ್ಕಿತು, ಕೂಡಿಸಿ ಓದಲು ಬರಲೇ ಇಲ್ಲ. ಅವನು ಮತ್ತೆ ಹಡಗಿಗೆ ಹೊರಡುವ ದಿನ, "ಓದಾಕ್ ಬತ್ತದೇನ್ಲಾ ಈಗ?" ಎಂದು ಕೇಳಿದ. "ಬತ್ತದೆ ಅಣ್ಣ" ಎಂದೆ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆ ಸುಳ್ಳನ್ನು ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ಅವನ ಹಡಗಿನಲ್ಲಿ ಭೇರ್ಯದ ಕಡೆಯ ಹುಡುಗನೊಬ್ಬನಿದ್ದ. ಅಷ್ಟು ಜನರ ನಡುವೆ ನಮ್ಮ ಕಡೆಯ ಮಾತು ಆಡುವವರು ಇವರಿಬ್ಬರೇ. ಯುದ್ಧ ಬಂದು ಹಡಗು ಹೊರಡುವ ಹೊತ್ತಿಗೆ ಅಣ್ಣನಿಗೆ ಮಂಗನಬಾವು ಬಂದು ಕೆನ್ನೆ ಊದಿಕೊಂಡಿತ್ತು. ಉಳಿದವರಿಗೆ ಹರಡಬಾರದೆಂದು ಅವನನ್ನು ದಡದ ಆಸ್ಪತ್ರೆಯಲ್ಲೇ ಉಳಿಸಿದರು. ಹಡಗು ಮುಳುಗಿತು. ಭೇರ್ಯದ ಹುಡುಗ ಬರಲಿಲ್ಲ. ಅವನ ಹೆಣವೂ ಬರಲಿಲ್ಲ.

ನಮ್ಮಲ್ಲಿ ಸತ್ತವರ ಅಂತ್ಯಕ್ರಿಯೆಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತೇವೆ. ಗುಂಡಿಗೆ ಇಳಿಸಿದ ಮೇಲೆ ಒಡಹುಟ್ಟಿದವರು ಮೂರು ಹಿಡಿ ಮಣ್ಣು ಹಾಕುತ್ತಾರೆ. ಆಮೇಲೆ ವರ್ಷವರ್ಷ ಹಿರಿಯರ ಹಬ್ಬದಲ್ಲಿ ಅವರ ಹೆಸರು ಕೂಗಿ ಎಡೆ ಇಡುತ್ತೇವೆ. ಭೇರ್ಯದ ಹುಡುಗನ ತಾಯಿ ಮಗನಿಗೆ ಎಡೆ ಇಡಲು ಒಪ್ಪಲಿಲ್ಲ. "ಮಣ್ಣೇ ಕಾಣ್ದೋನಿಗೆ ಎಡೆ ಎಂಗಿಡ್ಲಿ?" ಎಂದು ಕೇಳುತ್ತಾ ಕೇಳುತ್ತಾ ಆ ತಾಯಿಯೂ ಹೋದರು. ಆಮೇಲೆ ಅವನ ಅಕ್ಕನೂ ಇಡಲಿಲ್ಲ. ಐವತ್ತು ವರ್ಷ ಅವನು ಆ ಮನೆಯಲ್ಲಿ ಇದ್ದವರ ಲೆಕ್ಕಕ್ಕೂ ಸೇರಲಿಲ್ಲ, ಸತ್ತವರ ಲೆಕ್ಕಕ್ಕೂ ಸೇರಲಿಲ್ಲ.

ಅಣ್ಣ ಮದುವೆಯಾಗಲಿಲ್ಲ. ಕೆಲಸ ಮುಗಿಸಿ ಬಂದು ನಮ್ಮ ಮನೆಯಲ್ಲೇ ಇದ್ದ. ವಯಸ್ಸಾದ ಮೇಲೆ ಸಕ್ಕರೆ ಕಾಯಿಲೆಗೆ ಕಣ್ಣು ಮಂಜಾಯಿತು, ಬೆರಳ ತುದಿ ಮರಗಟ್ಟಿತು. ಆಗ ಒಂದು ದಿನ ಹೇಳಿದ. ಉತ್ತರದ ಕಡಲ ತೀರದ ಒಂದು ಊರಿನಲ್ಲಿ ಸತ್ತವರ ಹೆಸರೆಲ್ಲ ಕಲ್ಲಿನಲ್ಲಿ ಕೆತ್ತಿಸಿದ್ದಾರಂತೆ. ಭೇರ್ಯದ ಅಕ್ಕ ತಮ್ಮ ಹೊಲದ ಮಣ್ಣು ಕೊಡುತ್ತಾರೆ. ಅದನ್ನು ಅವನ ಹೆಸರಿಗೆ ಹಾಕಿ ಬರಬೇಕು. ಕಣ್ಣು ಚೆನ್ನಾಗಿದ್ದಾಗ ಯಾಕೆ ಹೋಗಲಿಲ್ಲ ಎಂದು ಕೇಳಿದೆ. "ಧೈರ್ಯ ಬರ್ನಿಲ್ಲ ಕಣ್ಲಾ. ಈಗ ಕಣ್ ಕಾಣಲ್ವಲ್ಲ, ನೋಡ್ಬಹುದು" ಎಂದ.

ಮೂರು ವರ್ಷ ನೆಪ ಹೇಳಿದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಸೊಪ್ಪು ತುಂಬಿದರೆ ಐದಾರು ದಿನ ಬೆಂಕಿ ಬಿಟ್ಟು ಅಲುಗುವಂತಿಲ್ಲ. ಅದು ಮುಗಿದರೆ ಸೊಪ್ಪು ವಿಂಗಡಿಸುವುದು, ಹರಾಜು. "ನಿನ್ ಸೊಪ್ಪು ಬೇಯೋದ್ರೊಳಗೆ ನಾನೇ ಬೆಂದೋಯ್ತೀನಿ ಬುಡು" ಎಂದು ಅಣ್ಣ ನಗುತ್ತಿದ್ದ. ನಿಜ ಬೇರೆ ಇತ್ತು. ಅಲ್ಲಿ ಬೋರ್ಡು ಓದು ಎಂದರೆ ಏನು ಮಾಡಲಿ ಎಂಬ ಭಯ.

ಕೊನೆಗೆ ಒಂದು ಬೇಸಿಗೆಯಲ್ಲಿ ಹೊರಟೆವು. ಮೊದಲು ಕಾರವಾರ. ಕಡಲ ದಂಡೆಯ ಮರಳಿನಲ್ಲಿ ಹಳೆಯ ಯುದ್ಧನೌಕೆಯೊಂದನ್ನು ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಮೆಟ್ಟಿಲು ಹತ್ತಿದ್ದೇ ಅಣ್ಣನಿಗೆ ಕಣ್ಣಿನ ಅಗತ್ಯವೇ ಬೀಳಲಿಲ್ಲ. ಎಲ್ಲಿ ಕಂಬಿ, ಎಲ್ಲಿ ಬಾಗಿಲು, ಎಲ್ಲಿ ಬಗ್ಗಬೇಕು, ಎಲ್ಲ ಅವನ ಮೈಗೆ ಗೊತ್ತಿತ್ತು. ತಲೆ ಹೊಡೆದುಕೊಂಡವನು ನಾನು.

"ಜೀವಮಾನವೆಲ್ಲ ಬ್ಯಾರನ್ ಬಾಗ್ಲಲ್ಲಿ ಬಗ್ಗಿ ಬಗ್ಗಿ ಹೋದೋನು, ಇಲ್ಲಿ ಯಾಕ್ಲಾ ಎದೆ ಸೆಟೆಸ್ಕಂಡ್ ಬಂದೆ?"

"ಸರ್ಕಾರಿ ಹಡಗಲ್ವಾ ಅಣ್ಣ, ದೊಡ್ಡದಾಗಿರ್ತದೆ ಅನ್ಕಂಡೆ."

"ಒಳಗಿರೋರ್ನ ಯಾರ್ ಕೇಳಾರು? ತೋಪಿಗೆ ಜಾಗ ಬುಟ್ಟು, ಮಿಕ್ಕಿದ್ರಲ್ಲಿ ನಾವು."

ಅಲ್ಲಿಂದ ರೈಲಿನಲ್ಲಿ ಉತ್ತರಕ್ಕೆ ಹೋದೆವು. ದಾರಿಯಲ್ಲಿ ಇಳಿದು ಇನ್ನೊಂದು ಬಂದರಿನ ಮ್ಯೂಸಿಯಂ ನೋಡಿದೆವು. ಗಾಜಿನ ಪೆಟ್ಟಿಗೆಯಲ್ಲಿ ನಾವಿಕರ ಟೋಪಿ, ಸೀಟಿ, ಸೊಟ್ಟಗಾದ ತಟ್ಟೆ. "ಏನ್ ಬರ್ದವ್ರೆ, ಓದು" ಎಂದ ಅಣ್ಣ. ಕಂಡದ್ದನ್ನೇ ಹೇಳಿದೆ. "ನಾವಿಕರು ಉಣ್ತಿದ್ದ ತಟ್ಟೆ ಅಂತ ಬರ್ದವ್ರೆ." ಅವನು ತಲೆಯಾಡಿಸಿದ. ಹಾಗೇ ಏಳೆಂಟು ಪೆಟ್ಟಿಗೆಗಳ ಮುಂದೆ ನಾನು ಓದಿದ ಹಾಗೆ ನಟಿಸಿದೆ. ಪ್ರತಿ ಸಲವೂ ಅವನು ನಂಬಿದ. ಇಷ್ಟು ಸುಲಭವೇ ಎಂದು ನನಗೆ ಧೈರ್ಯ ಕೂಡ ಬಂತು. ಆ ಧೈರ್ಯ ನೆನೆದರೆ ಈಗ ಮೈ ಉರಿಯುತ್ತದೆ.

ಸ್ಮಾರಕ ಒಂದು ದಿಬ್ಬದ ಮೇಲಿದೆ. ಕೆಳಗೆ ಕಡಲು. ಬಿಸಿಲಿಗೆ ನೆಲ ಕಾದಿತ್ತು. ಕಪ್ಪು ಕಲ್ಲಿನ ಗೋಡೆ, ಅದರ ತುಂಬ ಹೆಸರು. ಒಂದರ ಕೆಳಗೆ ಒಂದು, ಒಂದರ ಪಕ್ಕ ಒಂದು. ನಾನು ಬೆರಳೆಣಿಕೆಯ ಹೆಸರಿರುತ್ತವೆ ಎಂದುಕೊಂಡಿದ್ದೆ. ಅಣ್ಣ ಚಪ್ಪಲಿ ಬಿಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ನಿಂತ. ಕೈಯಲ್ಲಿ ಭೇರ್ಯದ ಮಣ್ಣಿನ ಗಂಟು.

"ಹುಡುಕ್ಲಾ" ಎಂದ.

ಹುಡುಗನ ಹೆಸರು ಗೊತ್ತಿತ್ತು, ಇಂಗ್ಲಿಷಿನಲ್ಲಿ ಅದು ಎಸ್ ಅಕ್ಷರದಿಂದ ಶುರುವಾಗುತ್ತದೆ ಎಂಬುದಷ್ಟೇ ನನಗೆ ತಿಳಿದಿತ್ತು. ಎಸ್ ಹತ್ತಾರು ಕಡೆ ಇತ್ತು. ಅಕ್ಷರಗಳು ಕಣ್ಣ ಮುಂದೆ ಕಲಸಿಹೋದವು. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಗೋಡೆ ಓದುತ್ತಾ ನಿಂತಿದ್ದಳು. ಅವಳನ್ನು ಕೇಳಬಹುದಿತ್ತು. ನನಗೆ ಅವಳ ಭಾಷೆ ಬಾರದು, ಆದರೆ ಅಣ್ಣನಿಗೆ ಹಿಂದಿ ಬರುತ್ತಿತ್ತು. ನನಗಾಗಲ್ಲ ಅಣ್ಣ, ನೀನೇ ಅವಳನ್ನು ಕೇಳು ಎಂದರೆ ಮುಗಿಯುತ್ತಿತ್ತು.

"ಸಿಕ್ತೇನ್ಲಾ?"

"ಸಿಕ್ತು ಅಣ್ಣ."

ಎಟುಕುವ ಎತ್ತರದಲ್ಲಿದ್ದ ಒಂದು ಎಸ್ ಮೇಲೆ ಅವನ ಬೆರಳು ಇಟ್ಟೆ. ಆ ಅಕ್ಷರದ ಬಳುಕಿನಲ್ಲಿ ಬೆರಳು ಒಂದು ಸಲ ಓಡಾಡಿತು. ಮುಂದಿನ ಅಕ್ಷರಕ್ಕೆ ಹೋಗಲಿಲ್ಲ. ಹೋಗಿದ್ದರೂ ಆ ಮರಗಟ್ಟಿದ ಬೆರಳಿಗೆ ತಿಳಿಯುತ್ತಿತ್ತೋ ಇಲ್ಲವೋ. "ಹೂಂ, ನೀನೇ" ಎಂದ, ಕಲ್ಲಿಗೆ. ಗಂಟು ಬಿಚ್ಚಿ ಮೂರು ಸಲ ಮಣ್ಣು ತೆಗೆದು ಆ ಹೆಸರಿಗೆ ಒರೆಸಿದ. "ನಿಮ್ಮಕ್ಕ ಕಳ್ಸವ್ಳೆ ಕಣಪ್ಪ. ತಡ ಆಯ್ತು" ಎಂದ. ಆಮೇಲೆ ಗೋಡೆಗೆ ಹಣೆ ಇಟ್ಟು ಅತ್ತ. ಹಾಗೆ ಅತ್ತದ್ದನ್ನು ನಮ್ಮ ಅವ್ವ ಸತ್ತಾಗಲೂ ನಾನು ಕಂಡಿರಲಿಲ್ಲ. ಆ ಹುಡುಗಿಯ ಕೈಗೆ ನನ್ನ ಫೋನು ಕೊಟ್ಟು ಸನ್ನೆ ಮಾಡಿದೆ. ಅಣ್ಣ ಮತ್ತೆ ಆ ಹೆಸರಿನ ಮೇಲೆ ಬೆರಳಿಟ್ಟು ನಿಂತ, ಅವಳು ಫೋಟೋ ತೆಗೆದುಕೊಟ್ಟಳು.

ಊರಿಗೆ ಬಂದವನೇ ಅಣ್ಣ ನನ್ನ ಫೋನಿನಿಂದ ಆ ಫೋಟೋ ಪ್ರಿಂಟ್ ಹಾಕಿಸಿ, ಪಕ್ಕದ ಮನೆಯ ಹುಡುಗನ ಜೊತೆ ಭೇರ್ಯಕ್ಕೆ ಹೋಗಿ ಕೊಟ್ಟುಬಂದ. ಆ ವರ್ಷದ ಹಿರಿಯರ ಹಬ್ಬದಲ್ಲಿ ಅಕ್ಕ ಮೊದಲ ಸಲ ತಮ್ಮನಿಗೆ ಎಡೆ ಇಟ್ಟರು.

ಒಂದು ದಿನ ಅಣ್ಣನ ಟ್ರಂಕಿನಲ್ಲಿ ಹಳೆಯ ಫೋಟೋ ಸಿಕ್ಕಿತು. ಹಡಗಿನ ಮೇಲೆ ಅಣ್ಣ, ಭೇರ್ಯದ ಹುಡುಗ ಇಬ್ಬರೂ ನಿಂತಿದ್ದರು. ಹಿಂದುಗಡೆ ಅಣ್ಣನ ಕೈಬರಹದಲ್ಲಿ ಇಬ್ಬರ ಹೆಸರು, ಇಂಗ್ಲಿಷಿನ ದೊಡ್ಡಕ್ಷರದಲ್ಲಿ. ಅಣ್ಣನ ಹೆಸರಿನ ಅಕ್ಷರ ನನಗೆ ಗುರುತು, ಸ್ಲೇಟಿನಲ್ಲಿ ತಿದ್ದಿದ್ದೆ. ಇನ್ನೊಂದು ಹೆಸರನ್ನು ಫೋನಿನ ಚಿತ್ರದ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿದೆ. ಎಸ್ ಬಿಟ್ಟರೆ ಒಂದೂ ಸೇರಲಿಲ್ಲ. ಪಡಸಾಲೆಯಲ್ಲಿ ಅಣ್ಣ ರೇಡಿಯೊ ಕೇಳುತ್ತಾ ಕೂತಿದ್ದ. ಎದ್ದು ಹೋಗಿ ಎದುರಿಗೆ ನಿಂತೆ. "ಏನ್ಲಾ?" ಎಂದ. "ಕಾಫಿ ಕುಡೀತೀಯಾ?" ಎಂದು ಕೇಳಿದೆ.

ಅವನು ಹೋದದ್ದು ಮರುವರ್ಷ, ಸೊಪ್ಪು ಬೇಯಿಸುವ ಕಾಲಕ್ಕೆ ಮುಂಚೆ. ಗುಂಡಿಯ ಅಂಚಿನಲ್ಲಿ ನಿಂತು ಮೂರು ಹಿಡಿ ಮಣ್ಣು ಹಾಕಿದೆ. ಒಂದೊಂದು ಹಿಡಿಗೂ ಬಾಯಿ ತೆರೆದೆ. ಮೂರನೆಯದನ್ನು ಹಾಕಿ ಹಿಂದಕ್ಕೆ ಸರಿದೆ.

ಆ ವರ್ಷದ ಹಿರಿಯರ ಹಬ್ಬಕ್ಕೆ ಭೇರ್ಯದ ಅಕ್ಕ ಫೋನು ಮಾಡಿಸಿದರು, ತಪ್ಪದೆ ಬರಬೇಕೆಂದು. ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಹೋದೆ. ಎಂಬತ್ತು ದಾಟಿದ ಹೆಂಗಸು, ಬೆನ್ನು ಬಾಗಿದೆ. ನಡುಮನೆಯಲ್ಲಿ ಎರಡು ಬಾಳೆಎಲೆ ಹಾಕಿದ್ದರು. ಗೋಡೆಗೆ ಆ ಫೋಟೋ, ಕಟ್ಟು ಹಾಕಿಸಿ, ಹೂವು ಮುಡಿಸಿ. ಕಲ್ಲಿನ ಮೇಲೆ ನಮ್ಮಣ್ಣನ ಬೆರಳು.

"ಬಾಪ್ಪ, ಕೂತ್ಕೊ. ಒಂದ್ ಎಲೆ ನನ್ ತಮ್ಮಂದು, ಒಂದು ನಿಮ್ಮಣ್ಣಂದು. ಅಲ್ಲೂ ಜೊತೆಗೇ ಉಣ್ಲಿ. ಹಡಗಲ್ಲೂ ನಮ್ ಕಡೆ ಮಾತಾಡ್ಕಂಡೇ ಉಣ್ತಿದ್ರಂತೆ."

ಇಬ್ಬರಿಗೂ ಇಷ್ಟವೆಂದು ಹುರುಳಿಕಾಳಿನ ಸಾರು ಮಾಡಿದ್ದರು. ಬಡಿಸಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ನೋಡಿದರು.

"ನಂಗೆ ಓದು ಬರಾಕಿಲ್ಲ ಕಣಪ್ಪ. ನೀನು ಓದ್ಬಲ್ಲೆ ಅಂತ ನಿಮ್ಮಣ್ಣ ಎಷ್ಟೊಂದ್ ಹೇಳೋನು, ನೀನ್ ಇಲ್ದಿದ್ರೆ ಆ ಹೆಸ್ರೇ ಸಿಕ್ತಿರ್ನಿಲ್ಲ ಅಂತ. ಮನೇಲಿ ಕೂಗೋ ಹೆಸ್ರು ನಾನ್ ಕೂಗ್ತೀನಿ. ಆ ಕಲ್ಲಲ್ಲಿ ಎಂಗ್ ಬರ್ದವ್ರೋ ಅಂಗೇ ಒಂದ್ಸಲ ಓದ್ಬುಡು. ಕೇಳ್ಬೇಕು ಅಂತ ಆಸೆ."

ಎದ್ದು ಫೋಟೋದ ಮುಂದೆ ನಿಂತೆ. ಅಣ್ಣ ಅವರ ಹತ್ತಿರ ಹಾಗೆ ಹೇಳಿದ್ದನೆಂದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಸುಳ್ಳು ನಾಲಿಗೆಯ ತುದಿಯವರೆಗೆ ಬಂತು. ಹುಡುಗನ ಹೆಸರು ನನಗೆ ಗೊತ್ತು, ಅದನ್ನೇ ಹೇಳಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ಕೈ ಮುಗಿದುಕೊಂಡು ಕಾಯುತ್ತಿದ್ದರು. ಅವರ ಕಾಲ ಹತ್ತಿರ ಕೂತೆ.

"ಅಕ್ಕ, ಇದು ನಿಮ್ ತಮ್ಮನ್ ಹೆಸ್ರಲ್ಲ. ನಂಗೂ ಇಂಗ್ಲಿಷ್ ಓದಾಕ್ ಬರಾಕಿಲ್ಲ. ನಾಚ್ಕೆ ಆಗಿ ಯಾವ್ದೋ ಹೆಸ್ರು ತೋರಿಸ್ಬುಟ್ಟೆ. ನಮ್ಮಣ್ಣಂಗೆ ಗೊತ್ತಿರ್ನಿಲ್ಲ, ಅವನ್ ಮೇಲೆ ಬೇಜಾರ್ ಮಾಡ್ಕಬ್ಯಾಡಿ. ನಿಮ್ಮೊಲದ್ ಮಣ್ಣ ಬ್ಯಾರೆ ಯಾರಿಗೋ ಹಾಕಿಸ್ದೋನು ನಾನು. ನಂದು ತಪ್ಪಾಯ್ತು ಅಕ್ಕ."

ಅವರು ಮುಗಿದ ಕೈ ಕೆಳಗಿಳಿಸಿದರು. ನಾನು ಎರಡನೇ ಎಲೆಯ ಕಡೆ ತಿರುಗಿದೆ.

"ತಪ್ಪಾಯ್ತು ಕಣಣ್ಣ."