ತೂಕಕ್ಕೆ ಕೂತ ಸಂಸಾರ

೨೦೦೬ನೆಯ ಇಸವಿ ನವೆಂಬರಿನ ಎರಡನೇ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಥಳ, ಹಾಸನದ ಒಂದು ಹೊಸ ಟೈರಿನ ಅಂಗಡಿ. ಹಾಜರಿದ್ದವರು ನಾನು, ಮಗಳು ಸುಮಾ ಮತ್ತು ನನಗಿಂತ ಹತ್ತು ವರ್ಷ ಚಿಕ್ಕದಾದ ನಮ್ಮ ಕಾರು. ಗಾಲಿಗಳ ನೇರ ಸರಿಮಾಡಲು ಕಂಪ್ಯೂಟರಿನ ಮುಂದೆ ನಿಂತವನು, "ಎಲ್ರೂ ಇಳೀರಿ ಸಾರ್, ಗಾಡಿ ಖಾಲಿ ಇರ್ಬೇಕು" ಎಂದ. ಸುಮಾ ನನ್ನ ಮುಖ ನೋಡಿದಳು. ನಾನು ರಬ್ಬರಿನ ವಾಸನೆಯಲ್ಲಿ ಏನೋ ವಿಶೇಷ ಕಂಡವನಂತೆ ಬೇರೆ ಕಡೆ ತಿರುಗಿದೆ.

ಯಾಕೆ ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ.

ಹನ್ನೊಂದು ವರ್ಷದ ಹಿಂದೆ ನಾನು ಚನ್ನರಾಯಪಟ್ಟಣದಲ್ಲಿ ಡ್ರಿಲ್ ಮೇಷ್ಟ್ರು. ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳುವುದಕ್ಕೂ ಹೊತ್ತು ಗೊತ್ತುಮಾಡಿದ್ದೆ. ಹೆಂಡತಿ ಅದನ್ನು ಒಂದು ದಿನವೂ ಪಾಲಿಸಲಿಲ್ಲ, ಅದು ಬೇರೆ ಮಾತು. ಸುಮಾಳನ್ನು ನೋಡಲು ಬಂದ ಇಬ್ಬರು ಹುಡುಗರಿಗೆ ಹದಿನಾರು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಕೇಳಿದ್ದೆ. ಕಾಗದ ಬರೆಯುತ್ತೇವೆ ಎಂದು ಹೋದವರು ಬರೆಯಲಿಲ್ಲ. ಮೂರನೆಯವರು ಹಳ್ಳಿಮೈಸೂರಿನವರು. ಹುಡುಗ ಮಂಜುನಾಥ, ವಿಜ್ಞಾನದ ಮೇಷ್ಟ್ರು. ಅರಕಲಗೂಡಿನ ನನ್ನ ತಂಗಿಯ ಮನೆಯಲ್ಲಿ ಹನ್ನೊಂದಕ್ಕೆ ಹೆಣ್ಣು ತೋರಿಸುವುದೆಂದು ನಿಶ್ಚಯವಾಗಿತ್ತು. "ಇದೂ ತಪ್ಪಿಹೋದ್ರೆ ನಿಮ್ಮ ಜೊತೆ ಮಾತಾಡಲ್ಲ" ಎಂದಿದ್ದಳು ಹೆಂಡತಿ. ಸುಮಾ ಅದೇ ಸೀರೆಯನ್ನು ಮೂರನೆಯ ಸಲ ಇಸ್ತ್ರಿ ಮಾಡಿಟ್ಟಿದ್ದಳು. ನನಗೆ ಹೆಚ್ಚು ಭಯವಾಗಿದ್ದು ಅದಕ್ಕೇ.

ಹೊರಟಾಗಿನಿಂದ ಕಾರು ಎಡಕ್ಕೆ ಎಳೆಯುತ್ತಿತ್ತು. ರಸ್ತೆ ಪಕ್ಕದ ಪ್ರತಿ ಹುಣಿಸೆಮರವನ್ನೂ ಮಾತಾಡಿಸಿಕೊಂಡೇ ಹೋಗಬೇಕೆಂಬ ಹಟ ಅದಕ್ಕೆ. ಹೊಳೆನರಸೀಪುರದ ಬಸ್ ನಿಲ್ದಾಣದ ಎದುರು ಗುರುಸಿದ್ದಣ್ಣನ ಗ್ಯಾರೇಜಿಗೆ ತಿರುಗಿಸಿದೆ. ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ದಾರ ಎಳೆದು ಅಳೆಯುವುದು, ಕಾರಿನ ಕೆಳಗೆ ಮಲಗಿ ಸರಳು ತಿರುಗಿಸುವುದು, ಮತ್ತೆ ಅಳೆಯುವುದು, ಇದು ಅವನ ಕ್ರಮ. ಮುಂದಿನ ಗಾಲಿಗಳ ಮೂತಿ ಭತ್ತದ ಕಾಳಿನಷ್ಟು ಒಳಕ್ಕೆ ತಿರುಗಿರಬೇಕಂತೆ. ಅರ್ಧ ಗಂಟೆಯ ಕೆಲಸ. ನಾವು ಇಳಿಯಲು ಹೊರಟೆವು. ನನ್ನ ನಾಲಗೆ ಸುಮ್ಮನಿರಬೇಕಲ್ಲ! ಕಾರಿನ ಜೊತೆ ಬಂದ ಹಳೆಯ ಪುಸ್ತಕದಲ್ಲಿ, ದಿನಾ ಕೂರುವಷ್ಟು ಭಾರ ಹೇರಿಕೊಂಡೇ ಅಳೆಯಬೇಕು ಎಂದಿದೆ ಎಂದೆ.

"ಪುಸ್ತಕದಾಗೆ ಅಂಗೈತಾ ಸಾ?" ಎಂದು ಗುರುಸಿದ್ದಣ್ಣ ಗಂಭೀರನಾದ. "ಅಂಗಾದ್ರೆ ಯಾರೂ ಇಳೀಬ್ಯಾಡಿ. ಅಲ್ಲಾಡ್ಲೂ ಬ್ಯಾಡಿ."

ಸ್ಟೀರಿಂಗಿನ ಮುಂದೆ ನಾನು, ಪಕ್ಕದಲ್ಲಿ ಹೆಂಡತಿ, ಹಿಂದೆ ಅಮ್ಮ ಮತ್ತು ಸುಮಾ. ತುಕ್ಕು ಹಿಡಿದ ನಟ್ಟು ಬಿಡಲೊಲ್ಲದು. ಗಂಟೆ ಒಂಬತ್ತೂವರೆಯಾಯಿತು.

"ಕೆಮ್ಮಬಹುದೇನೋ ಕೇಳೋ" ಎಂದರು ಅಮ್ಮ.

"ಕೆಮ್ಮಿ ಅಜ್ಜಿ, ಬಲಕ್ಕೆ ವಾಲ್ಬ್ಯಾಡಿ" ಎಂದಿತು ಕಾರಿನ ತಳ.

ಅಷ್ಟರಲ್ಲಿ ಕಿಟಕಿಯಲ್ಲಿ ಒಂದು ಮುಖ. "ಮೇಷ್ಟ್ರೇ! ಇದೇನು ಇಲ್ಲಿ?" ಹುಡುಗನ ತಂದೆ! ಊರಿನಿಂದ ಬಂದಿಳಿದು ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದವರು ಹೆಂಡತಿ, ಮಗನ ಸಮೇತ ರಸ್ತೆ ದಾಟಿ ಬಂದಿದ್ದರು. ನಾನು ಗಡಬಡಿಸಿ ಎದ್ದೆ.

"ಯಾರ್ ಸಾ ಅದು ಎದ್ದಿದ್ದು? ಓಯ್ತು ಅಳತೆ!"

ಕೂತೆ. ಕೂತೇ ಕೈಮುಗಿದು ವಿಷಯ ವಿವರಿಸಿದೆ. ಹುಡುಗನ ತಾಯಿ ಹಿಂದಿನ ಕಿಟಕಿಯಲ್ಲಿ ಬಗ್ಗಿ ಸುಮಾಳನ್ನು ನೋಡಿದರು. "ಒಂದ್ಸಲ ಎದ್ದು ನಿಂತಿದ್ರೆ ಎತ್ತರ ಗೊತ್ತಾಗ್ತಿತ್ತು."

"ಆಗಾಕಿಲ್ಲ ಕಣವ್ವಾ!"

ಹೆಂಡತಿ ಕಾಲ ಬಳಿಯ ಡಬ್ಬಿಯಿಂದ ರವೆಉಂಡೆಗಳನ್ನು ಕಿಟಕಿಯಾಚೆ ಹಂಚಿದಳು. ಮಗಳ ಮದುವೆ ಕೈತಪ್ಪುತ್ತಿದ್ದ ಆ ಗಳಿಗೆಯಲ್ಲಿ, ಉಂಡೆ ಹೋದಷ್ಟೂ ಭಾರ ಕಡಿಮೆಯಾಯಿತಲ್ಲ ಎಂದು ನಾನು ಯೋಚಿಸುತ್ತಿದ್ದೆ.

"ಹುಡುಗ ಹುಡುಗಿ ಎರಡು ಮಾತಾಡ್ಲಿ ಬಿಡಿ" ಎಂದರು ಹುಡುಗನ ತಂದೆ. ನಾವು ಮೂವರು ನಡುವೆ ಕೂತಿರುವಾಗ ಏನು ಮಾತು? ಆಗ ಮಂಜುನಾಥ ಮೊದಲ ಸಲ ಬಾಯಿಬಿಟ್ಟ. "ಭಾರ ಅಂದ್ರೆ ಮನುಷ್ಯರೇ ಆಗ್ಬೇಕಾ? ಮರಳಿನ ಚೀಲ ಇಟ್ರೆ ಆಗಲ್ವಾ?"

ಪಕ್ಕದಲ್ಲೇ ಕಟ್ಟಡದ ಕೆಲಸ ನಡೆಯುತ್ತಿತ್ತು. ನನಗೆ ಹೊಳೆದಿರಲಿಲ್ಲ. ಗುರುಸಿದ್ದಣ್ಣ ತೆವಳಿ ಹೊರಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವು ಮೇಷ್ಟ್ರಷ್ಟೇ ತೂಕ ಇದ್ದೀರಿ. ಅವ್ರ ಜಾಗಕ್ಕೆ ನೀವೇ ಕೂತ್ಕಳಿ. ಮಿಕ್ಕಿದ್ದಕ್ಕೆ ಚೀಲ." ಅಮ್ಮನ ಜಾಗಕ್ಕೆ ಒಂದು ಚೀಲ, ಹೆಂಡತಿಯ ಜಾಗಕ್ಕೆ ಎರಡು. "ಒಂದೂವರೆ ಸಾಕು" ಎಂದು ಅವಳು ಜಗಳಕ್ಕೆ ನಿಂತಳು.

ಗಾಜು ಏರಿತು. ಮುಂದೆ ಮಂಜುನಾಥ, ಹಿಂದೆ ಸುಮಾ, ನಡುನಡುವೆ ಚೀಲಗಳು. ಮುಕ್ಕಾಲು ಗಂಟೆಯ ಮೇಲೆ ಗುರುಸಿದ್ದಣ್ಣ "ಆಯ್ತು, ಇಳೀರಿ" ಎಂದ. ಇಬ್ಬರೂ ಇಳಿಯಲಿಲ್ಲ. ಅವನು ಇನ್ನೊಂದು ಸಲ ಕೂಗಬೇಕಾಯಿತು. ಶ್ರಾವಣದಲ್ಲಿ ಮದುವೆಯಾಯಿತು.

ಹನ್ನೊಂದು ವರ್ಷ ಕೇಳದೆ ಬಿಟ್ಟಿದ್ದನ್ನು ಮೊನ್ನೆ ಟೈರಿನ ಅಂಗಡಿಯ ಬೆಂಚಿನ ಮೇಲೆ ಕೂತು ಕೇಳಿದೆ. "ಅವತ್ತು ಅಷ್ಟು ಹೊತ್ತು ಏನಮ್ಮ ಮಾತಾಡಿದ್ರಿ?"

"ಮೊದಲು ಮಾತೇ ಇಲ್ಲಪ್ಪ. ನಂಗೆ ಅವಮಾನವಾಗಿ ಅಳು ಬಂದಿತ್ತು. 'ನಿಮ್ಮೂರಿನ ಬಸ್ಸು ನಿಂತಿದೆ, ಹೋಗ್ಬಿಡಿ' ಅಂದೆ. 'ಈಗ ಇಳಿದ್ರೆ ನಿಮ್ಮ ತಂದೆಯವರ ಅಳತೆ ಕೆಡುತ್ತಲ್ವಾ' ಅಂದ್ರು. ನಗಲಿಲ್ಲ, ನಿಜವಾಗ್ಲೂ ಅಂದ್ರು. ನಾನು ಒಪ್ಪಿದ್ದು ಅಷ್ಟಕ್ಕೇ."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಒಂದೂಕಾಲಿಗೆ ಮನೆ ಸೇರಿದೆವು. ಊಟ ಹದಿನೈದು ನಿಮಿಷ ತಡ, ಯಾರನ್ನೂ ಗದರಲಿಲ್ಲ. ಸಂಜೆ ಐದಕ್ಕೆ ಮಂಜುನಾಥ ಬಂದ. ಹೆಂಡತಿ ಏಳುವ ಮೊದಲೇ ನಾನು ಒಳಗೆ ಹೋಗಿ ಕಾಫಿ ಬೆರೆಸಿದೆ. ಡಿಕಾಕ್ಷನ್ ಎಷ್ಟು, ಹಾಲು ಎಷ್ಟು ಎಂದು ಅಳೆಯಲಿಲ್ಲ. ಅವನು ಒಂದು ಗುಟುಕು ಕುಡಿದು, ಸಕ್ಕರೆ ಡಬ್ಬಿಯ ಕಡೆ ಒಮ್ಮೆ ನೋಡಿ, "ಚೆನ್ನಾಗಿದೆ ಮಾವ" ಎಂದ. ಲೋಟ ತೊಳೆದು ಬೋರಲು ಹಾಕಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.