ಹಿನ್ನೆಲೆ ಸರಿಯಿಲ್ಲ

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಹೂವಿನ ಫೋಟೋಗಳ ಕಸ ಹೊಡೆಯುವುದು ಅವಳ ಕೆಲಸ. ಕಸ ಅಂದರೆ ಹೂವಿನ ಹಿಂದೆ ಬಂದುಬಿಡುವ ಬೇಡದ ಸಾಮಾನು: ನೀರಿನ ಪೈಪು, ಒಡೆದ ಬಕೆಟ್ಟು, ಒಣಹಾಕಿದ ಬನಿಯನ್, ಯಾರದೋ ಚಪ್ಪಲಿ. ಜನ ಹೂವನ್ನೇ ನೋಡುತ್ತ ಫೋಟೋ ತೆಗೆಯುತ್ತಾರೆ, ಅದರ ಹಿಂದೆ ಏನಿದೆ ಅಂತ ನೋಡುವುದಿಲ್ಲ. ಪ್ರಪಂಚದ ಅರ್ಧ ಅವಾಂತರ ಆಗುವುದೇ ಹೀಗೆ. ಅವಳು ಎಸಳಿನ ಅಂಚು ಹಿಡಿದು ಹೂವನ್ನು ನಾಜೂಕಾಗಿ ಬಿಡಿಸಿಕೊಂಡು, ಹಿಂದಿನದನ್ನೆಲ್ಲ ಅಳಿಸಿ, ಮಬ್ಬು ಹಸಿರು ಬಳಿಯುತ್ತಿದ್ದಳು. ಎಲ್ಲರೂ ಅವಳನ್ನು ‘ಒರೆಸೋ ಅಕ್ಕ’ ಅನ್ನುತ್ತಿದ್ದರು. ಸ್ಟುಡಿಯೋ ಮಾಲೀಕ ಒಳಗೆ ಫೋಟೋ ಕಳಿಸುವಾಗ ಹೇಳುತ್ತಿದ್ದುದು ಒಂದೇ ಮಾತು: ‘ಹಿನ್ನೆಲೆ ಸರಿಯಿಲ್ಲ.’

ಅದು ಮೊದಲು ಅವಳಿಗೆ ಅನ್ನ ಕೊಡುವ ಮಾತಾಗಿತ್ತು. ಡೇರೆ ಮೇಡಂ ಅವಳ ಮನೆಗೆ ಬಂದುಹೋದ ಮೇಲೆ ಎದೆಯಲ್ಲಿ ಮುಳ್ಳಾಗಿ ಕೂತಿತು.

ಡೇರೆ ಮೇಡಂ ಅಂದರೆ ಊರಿನ ಹೂವಿನ ಸಂಘದ ಅಧ್ಯಕ್ಷೆ. ಆಕೆಯ ಅಂಗಳದ ಡೇರೆ ಹೂವು ತಟ್ಟೆಯಷ್ಟು ಅಗಲ, ಆಕೆಯ ಜಂಬ ಅದಕ್ಕಿಂತ ಅಗಲ. ಆಕೆಯ ಮಗ ಮತ್ತು ನಮ್ಮ ಅಕ್ಕನ ತಂಗಿ ಗುಬ್ಬಿ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ತಾಯಿ ಸತ್ತ ಮೇಲೆ ಗುಬ್ಬಿಯನ್ನು ಎತ್ತಿ ಆಡಿಸಿ, ಓದಿಸಿ ಬೆಳೆಸಿದವಳು ಈ ಅಕ್ಕನೇ. ತಂಗಿಗೊಂದು ಒಳ್ಳೆಯ ಮನೆ ಸಿಕ್ಕಿತು ಅಂತ ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು. ಮೇಡಂ ಮಾತುಕತೆಗೆ ಬಂದರು, ಕೂತರು, ಕಾಫಿ ಕುಡಿದರು, ಲೋಟವನ್ನು ಕೆಳಗಿಟ್ಟು ಹೇಳಿದರು:

“ಹುಡುಗಿ ಏನೋ ಚೆನ್ನಾಗಿದಾಳೆ. ಆದ್ರೆ ಹಿನ್ನೆಲೆ ಸರಿಯಿಲ್ಲ. ಯಾವಳದೋ ಹಿಂದೆ ಓಡಿಹೋದವನ ಮಗಳನ್ನ ನಾನು ಸೊಸೆ ಅಂತ ಯಾವ ಬಾಯಲ್ಲಿ ಹೇಳಲಿ?”

ಅಪ್ಪ ಓಡಿಹೋಗಿದ್ದು ಸುಳ್ಳಲ್ಲ. ಆದರೆ ಅವನು ಹೋದಾಗ ಗುಬ್ಬಿ ಇನ್ನೂ ತೊಟ್ಟಿಲಲ್ಲಿದ್ದಳು. ಮಾತಾಡಿದ ಬಾಯಿಯನ್ನೇ ಒರೆಸಿಹಾಕಬೇಕು ಅನ್ನುವಷ್ಟು ಸಿಟ್ಟು ಬಂತು ಅಕ್ಕನಿಗೆ. ಗುಬ್ಬಿ ಊರಾಚೆಯ ನರ್ಸರಿಯಲ್ಲಿ ಗಿಡ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಮೊದಲು ಕಿಸಕ್ಕನೆ ನಗುತ್ತಿದ್ದವಳು ಮನೆಯಲ್ಲಿ ನಗುವುದನ್ನೇ ಬಿಟ್ಟಳು. ತಂಗಿಯ ಬಾಡಿದ ಮುಖ ನೋಡಿದಾಗಲೆಲ್ಲ ಅಕ್ಕ ಹಲ್ಲು ಕಡಿಯುತ್ತ, ‘ಇರಲಿ, ನನಗೂ ಒಂದು ಕಾಲ ಬರುತ್ತೆ’ ಅಂದುಕೊಳ್ಳುತ್ತಿದ್ದಳು.

ಕಾಲ ಬಂತು, ಅದೂ ತಾನಾಗಿಯೇ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂತು. ಹೂವಿನ ಸಂಘದವರು ಫೋಟೋ ಸ್ಪರ್ಧೆ ಇಟ್ಟಿದ್ದರು. ನಿಯಮ ಒಂದೇ: ಸ್ವಂತ ಅಂಗಳದಲ್ಲಿ ಬೆಳೆದ ಹೂವೇ ಆಗಬೇಕು. ಮೇಡಂ ಡೇರೆ ಹೂವಿನ ಫೋಟೋ ಕೊಟ್ಟು, “ಹಿಂದೆ ಏನೇನೋ ಬಂದಿದೆ, ತೆಗೆಸಿಬಿಡಿ” ಅಂತ ಮಾಲೀಕನಿಗೆ ಹೇಳಿ ಹೋದರು. ಒಳಗೆ ಕೂತು ಒರೆಸುವವಳು ಯಾರು ಅಂತ ಆಕೆ ವಿಚಾರಿಸಲಿಲ್ಲ. ಅಂಥವರು ವಿಚಾರಿಸುವುದಿಲ್ಲ.

ಅಕ್ಕ ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿದಳು. ಹೂವಿನ ಹಿಂದೆ ಬಿಸಿಲು ತಡೆಯುವ ಹಸಿರು ಬಲೆ, ಸಾಲಾಗಿ ಕಪ್ಪು ಪ್ಲಾಸ್ಟಿಕ್ ಚೀಲದ ಸಸಿಗಳು, ಅವುಗಳ ಮೇಲೊಂದು ಬೋರ್ಡು: ‘ಎರಡು ಗಿಡ ಕೊಂಡರೆ ಒಂದು ಉಚಿತ.’ ಆ ಸಲ ಮೇಡಂ ಅಂಗಳದ ಡೇರೆಗೆ ಹುಳ ಬಿದ್ದಿತ್ತು ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ಕಳ್ಳಿ! ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಬೋರ್ಡಿನ ಪಕ್ಕಕ್ಕೆ ಸರಿದಾಗ ಅವಳ ಕೈ ನಿಂತಿತು. ಮಸುಕಾಗಿ ಇಬ್ಬರು ನಿಂತಿದ್ದರು. ಒಬ್ಬ ಮೇಡಂ ಮಗ. ಅಮ್ಮನನ್ನು ಬೇಕೆಂದೇ ಆ ನರ್ಸರಿಗೆ ಕರೆತಂದಿರಬೇಕು. ಅವನ ಪಕ್ಕದಲ್ಲಿ ಮಣ್ಣು ಮೆತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದವಳು ಗುಬ್ಬಿ. ಮನೆಯಲ್ಲಿ ಕಾಣದೇ ಹೋದ ನಗು ಅಲ್ಲಿತ್ತು.

ಇಬ್ಬರನ್ನು ಅಳಿಸಿ ಬೋರ್ಡನ್ನು ಮಾತ್ರ ಉಳಿಸುವುದು ಅವಳಿಗೆ ಕಷ್ಟದ ಕೆಲಸವಾಗಿರಲಿಲ್ಲ. ತಂಗಿಯ ಗುಟ್ಟು ತಂಗಿಗೇ ಇರಲಿ ಅಂತ ಒಂದು ಮನಸ್ಸು ಹೇಳಿತು. ‘ನೋಡಲಿ ಬಿಡು, ಬೇಡ ಅಂದವಳ ಜೊತೆಗೇ ಮಗ ಹೇಗೆ ನಗುತ್ತಾನೆ ಅಂತ ನೋಡಿ ಉರಿದುಕೊಳ್ಳಲಿ’ ಅಂತ ಇನ್ನೊಂದು ಹೇಳಿತು. ಸೇಡಿನ ಮಾತೇ ಯಾವಾಗಲೂ ಜೋರು. ಅವತ್ತು ಒರೆಸೋ ಅಕ್ಕ ಏನನ್ನೂ ಒರೆಸಲಿಲ್ಲ. ಬೋರ್ಡಿನ ಅಕ್ಷರಗಳನ್ನು ತಿದ್ದಿ ತೀಡಿ ಹರಿತ ಮಾಡಿದಳು, ಇಬ್ಬರ ಮುಖಕ್ಕೂ ಬೆಳಕು ಕೊಟ್ಟಳು. ಮನೆಗೆ ಹೋಗಿ ಗುಬ್ಬಿಗೆ ಏನೂ ಹೇಳಲಿಲ್ಲ.

ಮೇಡಂ ನಾಲ್ಕು ಜನರ ಎದುರು ಕನ್ನಡಕ ಹಾಕುವವರಲ್ಲ, ವಯಸ್ಸು ಕಾಣುತ್ತದಲ್ಲ! ಪ್ರಿಂಟನ್ನು ಕೈಯಳತೆಯ ದೂರದಲ್ಲಿ ಹಿಡಿದು, ಹೂವು ಕೆಂಪಗೆ ಕಂಡದ್ದೇ ಸಾಕೆಂದು, “ಭೇಷ್” ಅಂದು ಒಯ್ದರು.

ಪ್ರದರ್ಶನದ ದಿನ ಅಕ್ಕ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದಳು. ತಂಗಿಯನ್ನೂ, “ಬಾರೇ, ಒಂದು ತಮಾಷೆ ತೋರಿಸ್ತೀನಿ” ಅಂತ ಎಳೆದುಕೊಂಡು ಹೋದಳು. ಮೇಡಂ ಫೋಟೋದ ಮುಂದೆ ಆಗಲೇ ಗುಂಪು ಸೇರಿತ್ತು. ಯಾರೋ ಬೋರ್ಡನ್ನು ಗಟ್ಟಿಯಾಗಿ ಓದಿದರು. “ಹಾಗಾದ್ರೆ ಮೇಡಂ, ಈ ಹೂವು ಕೊಂಡಿದ್ದೋ, ಉಚಿತವಾಗಿ ಬಂದಿದ್ದೋ?” ಅಂದ ಇನ್ನೊಬ್ಬ. ಗುಂಪು ಗೊಳ್ಳೆಂದಿತು. ಅಕ್ಕನ ಹೊಟ್ಟೆ ತಣ್ಣಗಾಯಿತು.

ಮೇಡಂ ಚೀಲ ತಡಕಿ ಕನ್ನಡಕ ಹಾಕಿಕೊಂಡರು. ಬೋರ್ಡು ಓದಿದರು. ಆಮೇಲೆ ಅವರ ಕಣ್ಣು ಪಕ್ಕಕ್ಕೆ ಹೋಯಿತು, ಅಲ್ಲೇ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮಗ, ಗುಂಪಿನಂಚಿನಲ್ಲಿ ಗುಬ್ಬಿ, ಅವಳ ಪಕ್ಕ ಎದೆಯುಬ್ಬಿಸಿ ನಿಂತ ಅಕ್ಕ. ಬೈಗುಳ ಬರುತ್ತದೆ ಅಂತ ಅಕ್ಕ ಸೊಂಟ ಕಟ್ಟಿ ಕಾದಿದ್ದಳು. ಬಂದದ್ದು ಬೇರೆ.

“ಮನೇಲಿ ಇವನು ನನ್ನ ಹತ್ರ ಮಾತೇ ಬಿಟ್ಟಿದಾನೆ ಕಣಮ್ಮ,” ಅಂದರು ಮೇಡಂ ಅಕ್ಕನಿಗೆ, ದನಿ ಬಿದ್ದುಹೋಗಿತ್ತು. “ಆಗಿದ್ದು ಆಗಿಹೋಯ್ತು. ಮದುವೆ ಮಾಡಿಬಿಡೋಣ.”

ಗುಬ್ಬಿಯ ಮುಖ ಅರಳಿತು. ಅಕ್ಕ ಆ ಮುಖವನ್ನು ನೋಡಬೇಕಿತ್ತು, ನೋಡಲಿಲ್ಲ. ಇಷ್ಟು ದಿನ ಬಾಯಲ್ಲಿಟ್ಟುಕೊಂಡಿದ್ದ ಮಾತು ಹೊರಬಂದೇಬಿಟ್ಟಿತು.

“ಹುಡುಗ ಏನೋ ಚೆನ್ನಾಗಿದಾನೆ ಮೇಡಂ. ಆದ್ರೆ ಹಿನ್ನೆಲೆ ಸರಿಯಿಲ್ಲ. ಹೂವು ಕದ್ದವಳ ಮಗನನ್ನ ನಾನು ಯಾವ ಬಾಯಲ್ಲಿ ಭಾವಮೈದ ಅನ್ನಲಿ?”

ಸಿಟ್ಟಿನ ಭರದಲ್ಲಿ ನಂಟನ್ನೂ ತಪ್ಪು ಹೇಳಿದ್ದಳು. ತಂಗಿಯ ಗಂಡ ಭಾವಮೈದ ಹೇಗಾದಾನು? ಆದರೆ ಯಾರೂ ನಗಲಿಲ್ಲ. ಮೇಡಂ ಮುಖ ಕಪ್ಪಿಟ್ಟಿತು. ಅಕ್ಕ ಗೆದ್ದಿದ್ದಳು, ಗೆದ್ದ ಖುಷಿಯಲ್ಲಿ ತಂಗಿಯ ಕಡೆ ತಿರುಗಿದಳು.

“ನೀನು ಈ ಫೋಟೋ ನೋಡಿ ಎಷ್ಟು ದಿನ ಆಗಿತ್ತಕ್ಕ?” ಅಂದಳು ಗುಬ್ಬಿ. “ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?”

“ನಿನಗೋಸ್ಕರಾನೇ ಕಣೇ ಇಷ್ಟೆಲ್ಲ...”

“ನನಗೋಸ್ಕರ ಅಲ್ಲ. ನೀನೂ ಅವರೂ ಒಂದೇ.”

ಅವಳು ಬಾಗಿಲಿನವರೆಗೆ ನಡೆದು ಹುಡುಗನ ಕೈ ಹಿಡಿದಳು. ಅವನು ಅಮ್ಮನ ಕಡೆ ನೋಡಲಿಲ್ಲ, ಇವಳು ಅಕ್ಕನ ಕಡೆ ನೋಡಲಿಲ್ಲ. ಇಬ್ಬರೂ ಹೊರಟುಹೋದರು.

ಅವರು ಬೇರೆ ಊರಿನಲ್ಲಿ ಮದುವೆಯಾದರು ಅಂತ ನರ್ಸರಿಯವರು ಹೇಳಿದ್ದರಿಂದ ಗೊತ್ತಾಯಿತು. ಅಕ್ಕನನ್ನೂ ಕರೆಯಲಿಲ್ಲ, ಅತ್ತೆಯನ್ನೂ ಕರೆಯಲಿಲ್ಲ. ಮಾಲೀಕ ಬಾಯಿಗೆ ಬಂದ ಹಾಗೆ ಬೈದನೇ ಹೊರತು ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಚೆನ್ನಾಗಿ ಎಸಳು ಬಿಡಿಸುವವರು ಅವನಿಗೆ ಇನ್ನೆಲ್ಲಿ ಸಿಗಬೇಕು?

ಒಂದು ಮಧ್ಯಾಹ್ನ ಮೇಡಂ ನೇರವಾಗಿ ಹಿಂದಿನ ಕೋಣೆಗೇ ಬಂದು ನಿಂತರು. ಕೈಯಲ್ಲಿ ಫೋಟೋ ಏನೂ ಇರಲಿಲ್ಲ.

“ಅವಳು ನಿಮಗೇನಾದ್ರೂ ಫೋನ್ ಮಾಡಿದ್ಲಾ?”

“ಇಲ್ಲ. ಅವನು ನಿಮಗೆ?”

“ಇಲ್ಲ.”

ಆಕೆಯ ಮೇಲಿನ ಸಿಟ್ಟು ಅಕ್ಕನಿಗೆ ಎಳ್ಳಷ್ಟೂ ಇಳಿದಿರಲಿಲ್ಲ. ಆದರೂ ಮೇಜಿನ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ಅತ್ತ ತಳ್ಳಿದಳು. ಮೇಡಂ ಕೂತರು.