ಹಳೆ ಪುಸ್ತಕದ ಪ್ರಕಾರ ನಾನು ಸತ್ತೆ

ಗೆಳತಿಯರೇ, ಇವತ್ತು ಸಂಜೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಜಗಲಿಯಲ್ಲಿ ನಾದಿನಿಯ ಮಗಳು ದೀಪಾ ಹೇಳುತ್ತಿದ್ದಳು: "ಹಾವು ಕಚ್ಚಿತು. ಗಿರಿಜಮ್ಮ ಸತ್ತಳು."

ಗಿರಿಜಮ್ಮ ಅಂದರೆ ನಾನು. ಎಣ್ಣೆ ಕೈಮೇಲೆ ಚೆಲ್ಲಿತು.

ಹೋಗಿ ನೋಡಿದರೆ, ಇಪ್ಪತ್ತು ಮುಖದ ದಾಳ ಹಾಕಿ ಕತೆ ಕಟ್ಟುವ ಆಟ. ಅದರಲ್ಲಿ ನನ್ನ ಮಗಳು ಸುಮಾ ತಾನು ಆಡುವ ಪೂಜಾರಿಣಿ ಪಾತ್ರಕ್ಕೆ ನನ್ನ ಹೆಸರಿಟ್ಟಿದ್ದಾಳೆ. ಆಟಕ್ಕೆ ಎರಡು ನಿಯಮದ ಪುಸ್ತಕ. ಹಳೆಯದರಲ್ಲಿ ವಿಷ ಏರಿದರೆ ಅಲ್ಲೇ ಸಾವು. ಹೊಸದರಲ್ಲಿ ದಾಳ ಮೂರು ಸಲ ಕೈಕೊಟ್ಟರೆ ಮಾತ್ರ.

"ದೀಪ ಹಚ್ಚೋ ಹೊತ್ತಲ್ಲಿ ಬದುಕಿರೋರ ಹೆಸರು ಹಿಡಿದು ಸಾಯಿಸ್ತಾರೇನೇ? ನಾಳೆ ನಾನು ಮೆಣಸಿನ ಬಳ್ಳಿ ಬುಡಕ್ಕೆ ಕೈ ಹಾಕಬೇಕು, ಅಲ್ಲಿ ಹಾವಿಗೇನು ಕಡಿಮೆ?"

"ಆಟ ಅಲ್ವಾ ಅತ್ತೆ. ಹಳೆ ಪುಸ್ತಕಾನೇ ಸರಿ," ಎಂದಳು ದೀಪಾ.

"ಹೊಸದು ತೆಗಿ. ದಾಳ ಹಾಕು."

ಎರಡು ಸಲ ಸೋಲು. ಕಣ್ಣು ಮುಚ್ಚಿ ದೇವಿಗೆ ತೆಂಗಿನಕಾಯಿ ಹರಕೆ ಹೊತ್ತೆ. ಮೂರನೆಯದರಲ್ಲಿ ಇಪ್ಪತ್ತು ಬಿತ್ತು.

"ಎದ್ದು ಕೂತ್ಳು ಅಮ್ಮ," ಎಂದಳು ಸುಮಾ.

ಪೂಜೆಯಲ್ಲಿ ಹಳೆ ಕ್ರಮ ಚೂರು ತಪ್ಪಿದರೂ ಮನೆಯವರನ್ನು ಬಿಡದವಳು ನಾನು. ಇವತ್ತು ಹೊಸ ಪುಸ್ತಕಕ್ಕೆ ಕುಂಕುಮ ಇಟ್ಟೆ. ಹಳೆಯದನ್ನು ಹುಡುಗಿಯರು ಇನ್ನೂ ಹುಡುಕುತ್ತಿದ್ದಾರೆ. ಅಕ್ಕಿ ಡಬ್ಬಿಯಲ್ಲಿ ಯಾರೂ ನೋಡಿಲ್ಲ.